ಗೇಟಿನಿಂದ ಹೊಸಿಲಿನವರೆಗೆ



ನಿಮಗೆಲ್ಲ ಒಂದು ಸಣ್ಣ ಪ್ರಶ್ನೆ. ನಿಮ್ಮ ಮನೆಯ ಗೇಟಿನಿಂದ ಮುಂಬಾಗಿಲ ಹೊಸಿಲಿಗೆ ಎಷ್ಟು ಹೆಜ್ಜೆ? ಬೆಂಗಳೂರಿನ ಜಯನಗರದಲ್ಲೋ ಬಸವನಗುಡಿಯಲ್ಲೋ ಹಳೆಯ ಮನೆಯಲ್ಲಿ ಇರುವವರು ಹತ್ತು, ಹನ್ನೆರಡು ಎನ್ನಬಹುದು. ಬಿ.ಟಿ.ಎಂ. ಬಡಾವಣೆಯಲ್ಲಿ ಮೂರನೇ ಮಹಡಿಯ ಬಾಡಿಗೆ ಮನೆಯವರು ನಕ್ಕಾರು. ಅವರು ಗೇಟು ದಾಟಿದರೆ ಎದುರಾಗುವುದು ಕಾರು, ಸ್ಕೂಟರು, ನೀರಿನ ಮೋಟಾರು. ಆಮೇಲೆ ಲಿಫ್ಟು.

ಆ ಹತ್ತು ಹನ್ನೆರಡು ಹೆಜ್ಜೆಗಳ ಜಾಗದ ಬಗ್ಗೆಯೇ ಇವತ್ತು ಮಾತಾಡುತ್ತೇನೆ. ಹಳೆಯ ಮನೆಗಳನ್ನು ಉಳಿಸಿಕೊಳ್ಳಬೇಕು ಎಂದು ನಾವೆಲ್ಲ ಹೇಳುತ್ತೇವೆ. ಸರಿ, ಮನೆಯಲ್ಲಿ ಯಾವುದನ್ನು ಉಳಿಸಬೇಕು? ಕೆತ್ತನೆಯ ಬಾಗಿಲನ್ನೇ? ಮರದ ಕಂಬವನ್ನೇ? ಬಾಗಿಲನ್ನು ಕಿತ್ತು ಮಾರಬಹುದು. ಕಂಬವನ್ನು ಹೋಟೆಲಿನಲ್ಲಿ ನಿಲ್ಲಿಸಬಹುದು. ಬೀದಿಗೂ ಬಾಗಿಲಿಗೂ ನಡುವಿನ ಜಾಗವನ್ನು ಮಾತ್ರ ಹೊತ್ತುಕೊಂಡು ಹೋಗಲು ಆಗುವುದಿಲ್ಲ. ಅದು ಇದ್ದಲ್ಲೇ ಇರಬೇಕು, ಇಲ್ಲವೇ ಹೋಗಬೇಕು. ನಮ್ಮಲ್ಲಿ ಮೊದಲು ಹೋಗುತ್ತಿರುವುದೂ ಅದೇ.

ಮೊದಲು ದೂರದ ಒಂದು ಮನೆಗೆ ಹೋಗಿಬರೋಣ. ಲಂಡನ್ನಿನ ಫ್ಲೀಟ್ ಸ್ಟ್ರೀಟ್‌ನಿಂದ ಇಕ್ಕಟ್ಟಾದ ಓಣಿಗಳಲ್ಲಿ ಒಳಗೆ ನಡೆದರೆ ಗಾಫ್ ಸ್ಕ್ವೇರ್ ಎಂಬ ಚಿಕ್ಕ ಚೌಕ ಸಿಗುತ್ತದೆ. ಅಲ್ಲಿ 17ನೇ ನಂಬರಿನ ಮನೆ. ಕಟ್ಟಿ 300 ವರ್ಷ ದಾಟಿದೆ. 1748ರಿಂದ 1759ರವರೆಗೆ ಸ್ಯಾಮ್ಯುಯೆಲ್ ಜಾನ್ಸನ್ ಇಲ್ಲಿ ಬಾಡಿಗೆಗಿದ್ದ. ಇಂಗ್ಲಿಷ್ ನಿಘಂಟಿನ ಜಾನ್ಸನ್. ಅಟ್ಟದ ಮೇಲೆ ನಕಲುಗಾರರನ್ನು ಕೂರಿಸಿಕೊಂಡು ಆತ ನಿಘಂಟು ಸಿದ್ಧಮಾಡಿದ್ದು ಈ ಮನೆಯಲ್ಲೇ. ಅದು ಅಚ್ಚಾದದ್ದು 1755ರಲ್ಲಿ. ಜಯನಗರದ ಕೇಳುಗರಿಗೆ ಈಗ ಕನ್ನಡ ನಿಘಂಟಿನ ಪ್ರೊಫೆಸರ್ ಜಿ. ವೆಂಕಟಸುಬ್ಬಯ್ಯನವರ ನೆನಪಾಗಿರುತ್ತದೆ. 2021ರಲ್ಲಿ, ನೂರು ದಾಟಿದ ವಯಸ್ಸಿನಲ್ಲಿ ತೀರಿಕೊಳ್ಳುವವರೆಗೂ ಅವರು ಕನ್ನಡ ಪದಗಳ ಕೆಲಸ ಬಿಡಲಿಲ್ಲ. ಇದ್ದದ್ದು ಜಯನಗರದಲ್ಲಿ. ನಿಘಂಟಿನವರಿಗೆ ಊರು ಯಾವುದಾದರೇನು, ಬೇಕಾದದ್ದು ಒಂದು ಮೇಜು, ಬೇಕಾದಷ್ಟು ಬೆಳಕು!

ಜಾನ್ಸನ್ ಮನೆ ಇಟ್ಟಿಗೆಯದು. ಅಗಲಕ್ಕಿಂತ ಎತ್ತರ ಹೆಚ್ಚು. ನಡುವೆ ಮರದ ಮೆಟ್ಟಿಲು, ಒಂದೊಂದು ಅಂತಸ್ತಿನಲ್ಲಿ ಒಂದೆರಡು ಕೋಣೆ. ನಮಗೆ ಬೇಕಾದದ್ದು ಅದರ ಮುಂಬಾಗಿಲು. ಬಾಗಿಲ ಒಳಗಡೆ ದಪ್ಪನೆಯ ಕಬ್ಬಿಣದ ಸರಪಳಿ ಇದೆ. ಅದರ ಕೊಂಡಿಯನ್ನು ತಿರುಚಿ ಸಿಕ್ಕಿಸಬೇಕು, ಹೊರಗಿನಿಂದ ಕೋಲು ಹಾಕಿ ಎಬ್ಬಿಸಲು ಬಾರದ ಹಾಗೆ. ಬಾಗಿಲ ಮೇಲೆ ಬೆಳಕು ಬರಲು ಗಾಜಿನ ಕಿಂಡಿ. ಕಿಂಡಿಗೆ ಅಡ್ಡಲಾಗಿ ಮುಳ್ಳುಮುಳ್ಳಾದ ಕಬ್ಬಿಣದ ಪಟ್ಟಿ. ಅದು ಯಾಕೆ? ಕಳ್ಳರು ಸಣ್ಣ ಹುಡುಗನನ್ನು ಆ ಕಿಂಡಿಯಿಂದ ಒಳಗೆ ಇಳಿಸಿ ಅಗಳಿ ತೆಗೆಸಬಾರದೆಂದು. ಜಾನ್ಸನ್‌ಗೆ ಕಳ್ಳರ ಭಯದ ಜೊತೆಗೆ ಸಾಲ ಕೊಟ್ಟವರ ಭಯವೂ ಇತ್ತು. ಒಮ್ಮೆ ಸಾಲಕ್ಕಾಗಿ ಬಂಧನಕ್ಕೂ ಒಳಗಾಗಿದ್ದ. ಹಾಗಾಗಿ ಆ ಸರಪಳಿಗೆ ಕೆಲಸ ಕಡಮೆ ಇರಲಿಲ್ಲ.

ಅಂದರೆ ಈ ಮನೆಯಲ್ಲಿ ಬೀದಿಗೂ ಹೊಸಿಲಿಗೂ ನಡುವೆ ಇರುವುದು ಹೆಚ್ಚೆಂದರೆ ಒಂದೆರಡು ಹೆಜ್ಜೆ. ಬಾಗಿಲು ಬೀದಿಗೇ ಮುಖ ಕೊಟ್ಟು ನಿಂತಿದೆ. ಮಿಕ್ಕ ರಕ್ಷಣೆಯೆಲ್ಲ ಕಬ್ಬಿಣದ್ದು.

ಲಂಡನ್ನಿನ ಮನೆಗಳು ಇಷ್ಟು ಬೋಳು ಮುಖದವು ಯಾಕೆ? ಇದಕ್ಕೆ ಕಾರಣ ಬೆಂಕಿ. 1666ರಲ್ಲಿ ಲಂಡನ್ ಹೊತ್ತಿ ಉರಿಯಿತು. ಸುಮಾರು 13,000 ಮನೆಗಳು ಸುಟ್ಟುಹೋದವು. ಬಹುಪಾಲು ಮರದ ಮನೆಗಳು, ಬೀದಿಯ ಮೇಲಕ್ಕೆ ಬಾಗಿದ ಮಹಡಿಗಳು. ಮರುವರ್ಷವೇ ಕಾನೂನು ಬಂತು: ಗೋಡೆ ಇಟ್ಟಿಗೆಯದೋ ಕಲ್ಲಿನದೋ ಆಗಿರಬೇಕು. 1707ರಲ್ಲಿ ಇನ್ನೊಂದು ಕಾನೂನು: ಸೂರಿನ ಅಂಚಿನಲ್ಲಿ ಮರದ ಅಲಂಕಾರ ಕೂಡದು. ಎರಡೇ ವರ್ಷಕ್ಕೆ ಮತ್ತೊಂದು: ಕಿಟಕಿಯ ಮರದ ಚೌಕಟ್ಟು ಗೋಡೆಯ ಹೊರಮೈಯಿಂದ 4 ಅಂಗುಲ ಒಳಗಿರಬೇಕು, ಪಕ್ಕದ ಮನೆಯ ಜ್ವಾಲೆ ತಾಗದಿರಲಿ ಎಂದು. ಸೂರು ಗೋಡೆಯ ಹಿಂದೆ ಅಡಗಿತು, ಕಿಟಕಿ ಒಳಕ್ಕೆ ಸರಿಯಿತು, ಮುಖ ಚಪ್ಪಟೆಯಾಯಿತು. ಆ ಕಾಲದ ಇಂಗ್ಲಿಷ್ ಮನೆಗಳ ಸರಳ ಸೌಂದರ್ಯವನ್ನು ಕೊಂಡಾಡುವವರು ಬಹಳ ಮಂದಿ. ಆ ಸರಳತೆಯಲ್ಲಿ ಅಭಿರುಚಿ ಎಷ್ಟಿದೆಯೋ ಬೆಂಕಿಯ ಭಯವೂ ಅಷ್ಟೇ ಇದೆ.

ಮುಂದೆ 18ನೇ ಶತಮಾನದಲ್ಲಿ ಊರು ಬೆಳೆದಂತೆ ಸಾಲುಮನೆಗಳು ಬಂದವು. ಕಪಾಟಿನಲ್ಲಿ ಒತ್ತಿ ನಿಲ್ಲಿಸಿದ ಪುಸ್ತಕಗಳಂತೆ, ಒಂದಕ್ಕೊಂದು ಅಂಟಿಕೊಂಡ ಮನೆಗಳು. ಇವುಗಳ ಮುಂದೆ ಮಾತ್ರ ಒಂದು ವಿಚಿತ್ರ ವ್ಯವಸ್ಥೆ ಇರುತ್ತದೆ. ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಕಲ್ಪಿಸಿಕೊಳ್ಳಿ. ನೀವು ರಸ್ತೆಬದಿಯ ಕಾಲುದಾರಿಯಲ್ಲಿ ನಿಂತಿದ್ದೀರಿ. ಎದುರಿಗೆ ಎದೆಯೆತ್ತರದ ಕಬ್ಬಿಣದ ಸಲಾಕೆ ಬೇಲಿ. ಬೇಲಿಯ ಆಚೆ ನೆಲವೇ ಇಲ್ಲ! ಬಗ್ಗಿ ನೋಡಿದರೆ ಒಂದಾಳು ಆಳದಲ್ಲಿ ಕಲ್ಲು ಹಾಸಿದ ಕಿರಿದಾದ ಹಳ್ಳ. ಆ ಹಳ್ಳಕ್ಕೆ ತೆರೆದುಕೊಂಡಂತೆ ಅಡುಗೆಮನೆಯ ಕಿಟಕಿ. ನೆಲಮಾಳಿಗೆಗೆ ಗಾಳಿ ಬೆಳಕು ಬರುವುದು ಹೀಗೆ. ಹಳ್ಳದ ಮೇಲೆ ಸೇತುವೆಯ ಹಾಗೆ ಕಲ್ಲಿನ ಮೆಟ್ಟಿಲು, ಅದು ಮುಂಬಾಗಿಲಿಗೆ. ಇನ್ನೊಂದು ಮೆಟ್ಟಿಲು ಬೇಲಿಯ ಪಕ್ಕದಿಂದ ಕೆಳಕ್ಕೆ, ಅದು ಆಳುಕಾಳುಗಳಿಗೆ. ಇನ್ನೂ ಇದೆ. ನೀವು ನಿಂತಿರುವ ಕಾಲುದಾರಿಯ ಕೆಳಗೂ ಟೊಳ್ಳು. ಅಲ್ಲಿ ಕಮಾನಿನ ಉಗ್ರಾಣ. ಕಾಲುದಾರಿಯಲ್ಲಿ ತಟ್ಟೆಯಗಲದ ಕಬ್ಬಿಣದ ಮುಚ್ಚಳ ತೆಗೆದು ಗಾಡಿಯವನು ಕಲ್ಲಿದ್ದಲು ಸುರಿಯುತ್ತಿದ್ದ. ಅದು ನೇರ ಉಗ್ರಾಣಕ್ಕೆ ಬೀಳುತ್ತಿತ್ತು. ಇದ್ದಲು ಮಾರುವವನು ಮನೆಯ ಹೊಸಿಲು ತುಳಿಯಬೇಕಾಗಿರಲಿಲ್ಲ.

ಒಂದೆರಡು ಗಜ ಅಗಲದ ಜಾಗದಲ್ಲಿ ಎಷ್ಟು ಕೆಲಸ ನೋಡಿ. ಬೆಳಕು ಕೆಳಗಿಳಿಯಬೇಕು, ಇದ್ದಲು ಒಳಗಿಳಿಯಬೇಕು, ಆಳು ಒಂದು ದಾರಿ, ಅತಿಥಿ ಒಂದು ದಾರಿ. ಲಂಡನ್ನಿನ ಮನೆಯಲ್ಲಿ ಮೇಲು ಕೀಳು ಎನ್ನುವುದನ್ನು ಬೀದಿಯ ಅಂಚಿನಲ್ಲೇ ಅಗೆದಿಟ್ಟಿದ್ದಾರೆ.

ಇಲ್ಲಿಯವರೆಗೆ ಹೇಳಿದ್ದು ಇಷ್ಟು. ಹಳೆಯ ಮನೆಯ ಗುಟ್ಟು ಬೀದಿಗೂ ಹೊಸಿಲಿಗೂ ನಡುವಿನ ಜಾಗದಲ್ಲಿದೆ. ಲಂಡನ್ನಿನಲ್ಲಿ ಅದನ್ನು ರೂಪಿಸಿದ್ದು ಬೆಂಕಿ, ಇದ್ದಲು ಮತ್ತು ಆಳುಕಾಳು. ಈಗ ನಮ್ಮ ಊರಿಗೆ ಬರೋಣ.

ಬೆಂಗಳೂರಿನ ಪೇಟೆಯ ಮನೆಗಳೂ ಒಂದು ಕಾಲಕ್ಕೆ ಒಂದಕ್ಕೊಂದು ಒತ್ತಿಕೊಂಡೇ ಇದ್ದವು. ಚಿಕ್ಕಪೇಟೆ, ಬಳೇಪೇಟೆಗಳಲ್ಲಿ ಈಗಲೂ ಒಂದೊಂದು ಕಡೆ ಅದರ ಕುರುಹು ಸಿಗುತ್ತದೆ. ಬೀದಿಯ ಕಡೆ ಕಿರಿದು, ಒಳಕ್ಕೆ ಉದ್ದ. ಬೀದಿಗೆ ಅಂಟಿದಂತೆ ಜಗಲಿ. ಅದರ ಮೇಲೆ ಮರದ ಕಂಬ, ಇಳಿಜಾರು ಸೂರು. ಒಳಗೆ ಬೆಳಕಿಗೆಂದು ತೊಟ್ಟಿ. ಜಗಲಿ ಮನೆಯವರದ್ದೂ ಹೌದು, ಬೀದಿಯವರದ್ದೂ ಹೌದು. ಬೇಲಿಯಿಲ್ಲ, ಗೇಟಿಲ್ಲ. ದಾರಿಹೋಕ ಬಂದು ಕೂತರೆ ಎದ್ದೇಳು ಎನ್ನುವ ವಾಡಿಕೆಯಿಲ್ಲ. ನಗರದ ನಮ್ಮ ದಕ್ಷಿಣ ಭಾಗದ ಹಳೆಯ ಊರುಗಳಲ್ಲೂ ಹೀಗೇ ಇತ್ತು. ಬಿ.ಟಿ.ಎಂ. ಅಂದರೆ ಭೈರಸಂದ್ರ, ತಾವರೆಕೆರೆ, ಮಡಿವಾಳ. ಮೂರೂ ಹಳ್ಳಿಗಳೇ. ಯಡಿಯೂರು, ಸಾರಕ್ಕಿ, ಜರಗನಹಳ್ಳಿಗಳೂ ಅಷ್ಟೇ. ಬಡಾವಣೆಯ ನೆಟ್ಟನೆಯ ರಸ್ತೆಗಳ ನಡುವೆ ಇದ್ದಕ್ಕಿದ್ದಂತೆ ರಸ್ತೆ ಸೊಟ್ಟಗಾಗಿ ಕಿರಿದಾದರೆ, ನೀವು ಹಳೆಯ ಊರೊಳಗೆ ಕಾಲಿಟ್ಟಿರಿ ಎಂದೇ ಲೆಕ್ಕ. ಅಲ್ಲಿ ಹುಡುಕಿದರೆ ಒಂದು ಜಗಲಿಯ ಚೂರು ಇನ್ನೂ ಸಿಕ್ಕೀತು. ಬಹುಶಃ ಅದರ ಮೇಲೆ ಈಗ ಮೊಬೈಲ್ ರೀಚಾರ್ಜ್ ಅಂಗಡಿ ಇದ್ದೀತು.

ಈ ಒತ್ತೊತ್ತಾದ ಮನೆಯನ್ನು ಬಿಡಿಸಿ ನಿಲ್ಲಿಸಿದ್ದು ಪ್ಲೇಗು. 1898ರಲ್ಲಿ ಪ್ಲೇಗ್ ಮಾರಿ ಬೆಂಗಳೂರಿಗೆ ಬಂತು. ಪೇಟೆಯ ಕತ್ತಲ ಕೋಣೆಗಳು, ಗಾಳಿಯಾಡದ ಓಣಿಗಳು, ಇಲಿಗಳು. ಜನ ಮನೆ ಬಿಟ್ಟು ಬಯಲಿನ ಗುಡಿಸಲುಗಳಿಗೆ ಓಡಿದರು. ಕೋಟೆಯ ಪಶ್ಚಿಮಕ್ಕೆ ಚಾಮರಾಜಪೇಟೆ 1892ರಲ್ಲೇ ರೂಪುಗೊಂಡಿತ್ತು. ಬಸವನಗುಡಿ, ಮಲ್ಲೇಶ್ವರಗಳ ಯೋಜನೆಯೂ ಆ ದಶಕದ್ದೇ. ಪ್ಲೇಗು ಬಂದ ಮೇಲೆ ಅವು ಅವಸರದ ಕೆಲಸಗಳಾದವು. ಅಗಲವಾದ ನೇರ ರಸ್ತೆ, ಚೌಕವಾಗಿ ಕತ್ತರಿಸಿದ ನಿವೇಶನ, ಮನೆಯ ನಾಲ್ಕೂ ಕಡೆ ಖಾಲಿ ಜಾಗ. ಗಾಳಿ ಆಡಬೇಕು, ಬಿಸಿಲು ಬೀಳಬೇಕು. ವೈದ್ಯರ ಮಾತು ಮನೆಯ ನಕ್ಷೆಗೆ ಇಳಿದದ್ದು ಹೀಗೆ.

ಲಂಡನ್ನಿನ ಮನೆಯ ಮುಖವನ್ನು ಬೆಂಕಿ ಬರೆಯಿತು. ಬಸವನಗುಡಿಯ ಮನೆಯ ಸುತ್ತಲ ಬಯಲನ್ನು ಪ್ಲೇಗು ಬರೆಯಿತು.

ಇನ್ನು ಬಸವನಗುಡಿಯ ಅಂಥ ಒಂದು ಹಳೆಯ ಮನೆಯೊಳಗೆ ಹೋಗೋಣ. ಯಾರ ಮನೆ ಎಂದು ಹೆಸರು ಬೇಡ. ರೇಡಿಯೋದಲ್ಲಿ ಚಿತ್ರ ತೋರಿಸಲು ಆಗುವುದಿಲ್ಲ. ಆದ್ದರಿಂದ ಕಾಲಿನಿಂದ, ಕಿವಿಯಿಂದ ನೋಡೋಣ. ಗೇಟಿನ ಚಿಲಕ ತೆಗೆದರೆ ಕಿರ್ರೆನ್ನುತ್ತದೆ. ಆ ಸದ್ದೇ ಕರೆಗಂಟೆ. ಒಳಗಿನಿಂದ ಯಾರು ಎಂಬ ದನಿ ಬರುತ್ತದೆ. ಕಾಲಡಿಗೆ ಮಣ್ಣು, ಪಕ್ಕಕ್ಕೆ ಮಲ್ಲಿಗೆಯ ಚಪ್ಪರ, ಪಾರಿಜಾತವೋ ದಾಸವಾಳವೋ. ಹಿಂದೆ ಎಲ್ಲೋ ತೆಂಗಿನ ಮರ ಇದ್ದೇ ಇರುತ್ತದೆ. ಮೂರು ನಾಲ್ಕು ಕಲ್ಲಿನ ಮೆಟ್ಟಿಲು. ಅಲ್ಲಿ ಚಪ್ಪಲಿ ಬಿಡುತ್ತೀರಿ. ಮುಂದಿನ ಹೆಜ್ಜೆ ವರಾಂಡದ ರೆಡ್ ಆಕ್ಸೈಡ್ ನೆಲದ ಮೇಲೆ. ಬೇಸಗೆಯ ಮಧ್ಯಾಹ್ನವಾದರೂ ಅಂಗಾಲು ತಣ್ಣಗಾಗುತ್ತದೆ. ಬೆಳಕು ತಟ್ಟನೆ ಅರ್ಧಕ್ಕೆ ಇಳಿಯುತ್ತದೆ. ಯಾಕೆಂದರೆ ವರಾಂಡದ ಮುಂದೆ ಮರದ ಪಟ್ಟಿಗಳನ್ನು ಓರೆಯಾಗಿ ಹೆಣೆದ ಜಾಲರಿ ಇದೆ. ಮೇಲೆ ಮಂಗಳೂರು ಹೆಂಚಿನ ಇಳಿಜಾರು ಮಾಡು. ಅದರ ಅಂಚಿಗೆ ಕತ್ತರಿಸಿ ಅಲಂಕರಿಸಿದ ಮರದ ಪಟ್ಟಿ. ಕಿಟಕಿಯ ಮೇಲೆ, ಪ್ರವೇಶದ ಮೇಲೆ ಚೂಪು ತುದಿಯ ಮರದ ಟೊಪ್ಪಿಗೆ. ಇದನ್ನೇ ಬೆಂಗಳೂರಿನಲ್ಲಿ ಮಂಕಿ ಟಾಪ್ ಎನ್ನುವುದು.

ಈ ಜಾಲರಿಯ ಕೆಲಸ ಏನು? ಓರೆ ಬಿಸಿಲನ್ನು ತಡೆಯುವುದು, ಗಾಳಿಯನ್ನು ಬಿಡುವುದು, ಎರಚಲು ಮಳೆಯನ್ನು ಮುರಿಯುವುದು. ಇನ್ನೊಂದು ಕೆಲಸವೂ ಇದೆ. ಒಳಗಿನ ನೆರಳಿನಲ್ಲಿ ಕೂತವರಿಗೆ ಬೀದಿ ಪೂರ್ತಿ ಕಾಣುತ್ತದೆ, ಬೀದಿಯ ಬಿಸಿಲಿನಲ್ಲಿ ನಡೆಯುವವರಿಗೆ ಒಳಗೆ ಕೂತವರು ಕಾಣುವುದಿಲ್ಲ. ಮನೆಯ ಹೆಂಗಸರು ಬೀದಿಯ ಸಮಾಚಾರವನ್ನೆಲ್ಲ ತಿಳಿದಿರುತ್ತಿದ್ದದ್ದು ಹೇಗೆ ಎಂದು ಆಶ್ಚರ್ಯಪಡಬೇಕಾಗಿಲ್ಲ.

ಈ ವರಾಂಡದ ಬಡಗಿ ಕೆಲಸ ಪೂರ್ತಿ ನಮ್ಮದೇನಲ್ಲ. ದಂಡಿನ ಪ್ರದೇಶದಲ್ಲಿ, ಅಂದರೆ ಕಂಟೋನ್ಮೆಂಟಿನಲ್ಲಿ, ಇಂಗ್ಲಿಷ್ ಅಧಿಕಾರಿಗಳ ಬಂಗಲೆಗಳಿದ್ದವಲ್ಲ, ಮಂಕಿ ಟಾಪ್ ಅಲ್ಲಿಂದ ಬಂದದ್ದು. ಅವರು ತಮ್ಮೂರಿನ ಚೂಪು ಸೂರಿನ ಮನೆಗಳ ನೆನಪಿನಲ್ಲಿ ಮಾಡಿಸಿದರು. ನಮ್ಮ ಬಡಗಿಗಳು ಅದನ್ನು ಹಗುರ ಮಾಡಿದರು. ಬಸವನಗುಡಿಯವರು ಅದನ್ನು ತಂದು ತಮ್ಮ ವರಾಂಡಕ್ಕೆ ಹಾಕಿಕೊಂಡರು. ಹೆಂಚು ಮಂಗಳೂರಿನದು. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದಿದ್ದರು. ಒಳಗಿನ ಕೋಣೆಗಳ ಸಮತಟ್ಟು ಮಾಳಿಗೆ ಮದ್ರಾಸ್ ಟೆರೇಸ್. ಮರದ ತೊಲೆ, ತೊಲೆಯ ಮೇಲೆ ಜಂತೆ, ಜಂತೆಯ ಮೇಲೆ ತೆಳು ಇಟ್ಟಿಗೆಯನ್ನು ಅಂಚಿನ ಮೇಲೆ ನಿಲ್ಲಿಸಿ ಓರೆಯಾಗಿ ಜೋಡಿಸುತ್ತಾರೆ. ಅದರ ಮೇಲೆ ಸುಣ್ಣ ಮತ್ತು ಇಟ್ಟಿಗೆ ಚೂರಿನ ಗಾರೆ, ಬಡಿದು ಬಡಿದು ಗಟ್ಟಿ ಮಾಡಿದ್ದು. ಈ ಹೆಸರಿನ ಮದರಾಸನ್ನೂ ಲೆಕ್ಕಕ್ಕೆ ಹಿಡಿದರೆ ಒಂದೇ ಮನೆಯಲ್ಲಿ ಎಷ್ಟು ಊರು!

ಕಂಟೋನ್ಮೆಂಟಿನ ಬಂಗಲೆಗಳನ್ನು ಗಂಭೀರವಾಗಿ ಅಳೆದು ಬರೆದವರಲ್ಲಿ ಜಾನೆಟ್ ಪಾಟ್ ಎಂಬಾಕೆ ಮುಖ್ಯರು. ಬೆಂಗಳೂರಿನ ಹಳೆಯ ಬಂಗಲೆಗಳ ಮೇಲೆ ಅವರ ಪುಸ್ತಕ 1977ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಎಲಿಜಬೆತ್ ಸ್ಟೇಲಿ ಮಂಕಿ ಟಾಪ್‌ಗಳ ಮೇಲೆಯೇ ಇನ್ನೊಂದು ಪುಸ್ತಕ ತಂದರು. ಅವುಗಳಲ್ಲಿ ಬಂದ ಮನೆಗಳಲ್ಲಿ ಹಲವು ಇವತ್ತು ಪುಸ್ತಕದಲ್ಲಿ ಮಾತ್ರ ಇವೆ.

ವರಾಂಡವನ್ನು ಹೀಗೆ ಹೊಗಳುತ್ತಾ ಹೋದರೆ ಅರ್ಧ ಸತ್ಯವನ್ನಷ್ಟೇ ಹೇಳಿದಂತಾಗುತ್ತದೆ. ಲಂಡನ್ನಿನಲ್ಲಿ ಆಳಿಗೆ ಕೆಳಗಿನ ಮೆಟ್ಟಿಲು ಎಂದೆ. ನಮ್ಮಲ್ಲಿ? ನಮ್ಮ ಗೇಟಿನಿಂದ ಹೊಸಿಲಿನವರೆಗಿನ ಒಂದೊಂದು ಹೆಜ್ಜೆಯೂ ಒಂದೊಂದು ಗಡಿ. ಒಬ್ಬರು ಗೇಟಿನ ಹೊರಗೆ ನಿಂತು ಕೂಗಬೇಕು. ಇನ್ನೊಬ್ಬರು ಮೆಟ್ಟಿಲ ಕೆಳಗೆ. ಮತ್ತೊಬ್ಬರಿಗೆ ವರಾಂಡದ ಬೆಂಚು, ಆದರೆ ಅಲ್ಲಿಗೆ ಮುಗಿಯಿತು. ಇನ್ನು ಕೆಲವರಿಗೆ ನಡುಮನೆಯವರೆಗೆ. ಯಾರು ಎಲ್ಲಿ ನಿಲ್ಲಬೇಕು ಎಂದು ಯಾರೂ ಹೇಳಬೇಕಾಗಿರಲಿಲ್ಲ, ಜಾತಿ ಹೇಳುತ್ತಿತ್ತು. ಇನ್ನೂ ಕೆಲವರಿಗೆ ಈ ಮುಂದಿನ ದಾರಿಯೇ ಇರಲಿಲ್ಲ. ಬಸವನಗುಡಿ, ಮಲ್ಲೇಶ್ವರಗಳಲ್ಲಿ ಮನೆಗಳ ಬೆನ್ನಿಗೆ ಕನ್ಸರ್ವೆನ್ಸಿ ಓಣಿಗಳಿದ್ದದ್ದು ಹಿರಿಯರಿಗೆ ನೆನಪಿರಬಹುದು. ಒಳಚರಂಡಿ ಬರುವ ಮುಂಚೆ ಮಲ ಹೊರುವವರು ಬಂದು ಹೋಗಲು ಬಿಟ್ಟ ದಾರಿ ಅದು. ಮನೆಯ ಮುಂದೆ ಅವರು ಕಾಣಿಸಿಕೊಳ್ಳಬಾರದು ಎಂದೇ ನಗರದ ನಕ್ಷೆಯಲ್ಲಿ ಅದನ್ನು ಎಳೆದಿದ್ದರು. ಪ್ಲೇಗಿನ ನಂತರದ ಆರೋಗ್ಯ ಯೋಜನೆ ಗಾಳಿಯನ್ನು ಎಲ್ಲರಿಗೂ ಬಿಟ್ಟಿತು, ದಾರಿಯನ್ನು ಮಾತ್ರ ಎಲ್ಲರಿಗೂ ಬಿಡಲಿಲ್ಲ. ಪರಂಪರೆ ಉಳಿಸುವವರು ಮಂಕಿ ಟಾಪಿನ ಫೋಟೊ ಹಾಕುತ್ತಾರೆ. ಹಿಂದಿನ ಓಣಿಯ ಫೋಟೊ ಹಾಕುವುದು ಅಪರೂಪ. ಮನೆಯ ಚರಿತ್ರೆ ಬೇಕಾದರೆ ಎರಡೂ ಬೇಕು.

ಇಷ್ಟು ಹೊತ್ತು ನೋಡಿದ್ದು ಜಗಲಿಯಿಂದ ವರಾಂಡಕ್ಕೆ ಬಂದ ದಾರಿ. ಅಲ್ಲಿ ಗಾಳಿಯೂ ಇತ್ತು, ಗಡಿಯೂ ಇತ್ತು. ಈಗ ಇನ್ನೂ ದಕ್ಷಿಣಕ್ಕೆ ಸರಿಯೋಣ. ಜಯನಗರಕ್ಕೆ.

ಜಯನಗರಕ್ಕೆ ಶಂಕುಸ್ಥಾಪನೆಯಾದದ್ದು 1948ರ ಆಗಸ್ಟಿನಲ್ಲಿ. ಮಾಡಿದವರು ಆಗಿನ ಗವರ್ನರ್ ಜನರಲ್ ರಾಜಾಜಿ. ಅದರ ಗುರುತಾಗಿ ನಿಂತಿರುವುದೇ ಅಶೋಕ ಪಿಲ್ಲರ್. ಬಡಾವಣೆಯನ್ನು ಮಾಡಿದ್ದು ನಗರ ಸುಧಾರಣೆಯ ಮಂಡಳಿ ಸಿ.ಐ.ಟಿ.ಬಿ. 1945ರಲ್ಲಿ ಹುಟ್ಟಿದ ಸಂಸ್ಥೆ. 1976ರಲ್ಲಿ ಅದರ ಜಾಗಕ್ಕೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ, ಬಿ.ಡಿ.ಎ. ಬಂತು. ಇಷ್ಟು ಹೊತ್ತಿಗೆ ಸುಣ್ಣದ ಗಾರೆ ಹಿಂದೆ ಸರಿದು ಸಿಮೆಂಟು ಮುಂದೆ ಬಂದಿತ್ತು. ಐವತ್ತು ಅರವತ್ತರ ದಶಕದ ಜಯನಗರದ ಮನೆ ಎಂದರೆ ಸೈಜುಗಲ್ಲಿನ ಕಾಂಪೌಂಡು, ಆರ್.ಸಿ.ಸಿ. ಮಾಳಿಗೆ, ಕಿಟಕಿಯ ಮೇಲೆ ಉದ್ದನೆಯ ಸಜ್ಜಾ, ಮೊಸಾಯಿಕ್ ನೆಲ. ಮರದ ಜಾಲರಿ ಹೋಗಿ ಕಬ್ಬಿಣದ ಗ್ರಿಲ್ ಬಂತು, ಇಲ್ಲವೇ ಸಿಮೆಂಟಿನ ಜಾಲಿ ಬಂತು. ಆದರೆ ಗಮನಿಸಿ, ಆ ಹತ್ತು ಹೆಜ್ಜೆ ಉಳಿಯಿತು. ಗೇಟು, ಗಿಡ, ಮೆಟ್ಟಿಲು, ವರಾಂಡ, ಆಮೇಲೆ ಬಾಗಿಲು. ಸಾಮಗ್ರಿಯೆಲ್ಲ ಬದಲಾದರೂ ಕ್ರಮ ಬದಲಾಗಲಿಲ್ಲ.

ಇದಕ್ಕೆ ವಾಡಿಕೆಯ ಬಲ ಇತ್ತು, ನಿಯಮದ ಬಲವೂ ಇತ್ತು. ವಿಜ್ಞಾನದ ಬಲವೂ ಇತ್ತೆನ್ನಬೇಕು. ಒಟ್ಟೊ ಕೋನಿಗ್ಸ್‌ಬರ್ಗರ್ ಎಂಬ ಜರ್ಮನ್ ವಾಸ್ತುಶಿಲ್ಪಿ ಹಿಟ್ಲರನ ಕಾಲದಲ್ಲಿ ದೇಶ ಬಿಟ್ಟವರು, 1939ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾಗಿ ಬಂದರು. ಬಸವನಗುಡಿಯ ಕೃಷ್ಣರಾವ್ ಪಾರ್ಕಿನ ಮಂಟಪ ಅವರ ಕೈಯದೇ. ಬಿಸಿಲ ನಾಡಿನಲ್ಲಿ ಕಟ್ಟಡ ನೆರಳು ಮತ್ತು ಗಾಳಿಯಿಂದಲೇ ತಂಪಾಗಬೇಕು ಎಂಬುದನ್ನು ಅವರು ಇಲ್ಲಿ ಕಟ್ಟುತ್ತಾ ಕಲಿತರು. ಮುಂದೆ ಉಷ್ಣವಲಯದ ಮನೆಗಳ ಮೇಲೆ ಅವರೂ ಸಂಗಡಿಗರೂ ಬರೆದ ಪುಸ್ತಕ ಅನೇಕ ದೇಶಗಳಲ್ಲಿ ಪಠ್ಯವಾಯಿತು. ಬಸವನಗುಡಿಯ ಬಡಗಿ ಜಾಲರಿಯಲ್ಲಿ ಮಾಡಿದ್ದನ್ನೇ ಅವರು ಲೆಕ್ಕ ಹಾಕಿ ಬರೆದರು ಎಂದು ನನಗೆ ಅನ್ನಿಸುತ್ತದೆ. ಇದು ನನ್ನ ಅಭಿಮಾನದ ಮಾತು, ಬಿಡಿ.

ಈಗ ಕಷ್ಟದ ಭಾಗ. ಈ ಮನೆಗಳನ್ನು ಕಾಪಾಡುವವರು ಯಾರು?

ಇಂಗ್ಲೆಂಡಿನಲ್ಲಿ ಇದಕ್ಕೊಂದು ಪಟ್ಟಿ ಇದೆ. ಎರಡನೇ ಮಹಾಯುದ್ಧದಲ್ಲಿ ಬಾಂಬು ಬಿದ್ದು ಊರುಗಳು ಹಾಳಾದ ಮೇಲೆ, ಉಳಿದದ್ದು ಏನು ಎಂದು ಬರೆದಿಡುವ ಕೆಲಸ ಶುರುವಾಯಿತು. 1947ರ ನಗರ ಯೋಜನಾ ಕಾಯ್ದೆ ಅದಕ್ಕೆ ಬಲ ಕೊಟ್ಟಿತು. ಇವತ್ತು ಇಂಗ್ಲೆಂಡೊಂದರಲ್ಲೇ ಆ ಪಟ್ಟಿಯಲ್ಲಿ ಹತ್ತಿರ ಹತ್ತಿರ 4 ಲಕ್ಷ ನಮೂದುಗಳಿವೆ. ಮೂರು ದರ್ಜೆ. ತೀರಾ ಮೇಲಿನ ದರ್ಜೆಗೆ ಸೇರುವುದು ನೂರಕ್ಕೆ ಎರಡು ಮೂರು ಮಾತ್ರ. ಜಾನ್ಸನ್ ಮನೆ ಅದರಲ್ಲಿ ಒಂದು. ನೂರಕ್ಕೆ 90ಕ್ಕೂ ಹೆಚ್ಚು ಕೆಳಗಿನ ದರ್ಜೆಯವು, ಅವುಗಳಲ್ಲಿ ಸಾಮಾನ್ಯ ಜನ ವಾಸವಿರುವ ಸಾಮಾನ್ಯ ಮನೆಗಳೂ ಬಹಳ. 1700ಕ್ಕೆ ಮುಂಚಿನ, ಮೂಲ ರೂಪ ಹೆಚ್ಚು ಕೆಡದ ಕಟ್ಟಡಗಳೆಲ್ಲ ಪಟ್ಟಿಗೆ ಸೇರುತ್ತವೆ. 1700ರಿಂದ 1850ರವರೆಗಿನವು ಬಹುಪಾಲು ಸೇರುತ್ತವೆ.

ಪಟ್ಟಿಗೆ ಸೇರಿದರೆ ಏನಾಗುತ್ತದೆ? ಮನೆ ಸರಕಾರದ್ದಾಗುವುದಿಲ್ಲ. ಯಜಮಾನರು ಇರಬಹುದು, ಮಾರಬಹುದು. ಆದರೆ ಕೆಡವಲು, ಅದರ ಸ್ವರೂಪ ಬದಲಿಸಲು ಅಪ್ಪಣೆ ಬೇಕು. ಅಪ್ಪಣೆ ಇಲ್ಲದೆ ಕೈಹಾಕಿದರೆ ಕ್ರಿಮಿನಲ್ ಅಪರಾಧ. ನಮ್ಮ ಇವತ್ತಿನ ವಿಷಯಕ್ಕೆ ಮುಖ್ಯವಾದದ್ದು ಇನ್ನೊಂದಿದೆ. ಕಾಯ್ದೆ ಮನೆಯ ಮುಖವನ್ನಷ್ಟೇ ಕಾಯುವುದಿಲ್ಲ. ಒಳಗಿನ ಮೆಟ್ಟಿಲನ್ನೂ ಬಾಗಿಲನ್ನೂ ಕಾಯುತ್ತದೆ, ಆವರಣದ ಹಳೆಯ ಗೋಡೆ, ಕಬ್ಬಿಣದ ಬೇಲಿಯನ್ನೂ ಕಾಯುತ್ತದೆ. ಅಂದರೆ ಬೀದಿಯಿಂದ ಹೊಸಿಲಿನವರೆಗಿನ ಜಾಗ ಅಲ್ಲಿ ಕಾನೂನಿನ ಕಣ್ಣಿಗೆ ಬೀಳುತ್ತದೆ. ತಮಾಷೆ ಏನೆಂದರೆ, ಯುದ್ಧಕಾಲದಲ್ಲಿ ಅದೇ ಬೇಲಿಗಳನ್ನು ಕಬ್ಬಿಣ ಬೇಕೆಂದು ಸರಕಾರವೇ ರಾಶಿರಾಶಿ ಕಿತ್ತು ಒಯ್ದಿತ್ತು.

ಹಾಗೆಂದು ಅಲ್ಲಿ ಎಲ್ಲವೂ ಅಸಲಿ ಎಂದುಕೊಳ್ಳಬೇಡಿ. ಪ್ರಧಾನಿಗಳ ಮನೆ, ಡೌನಿಂಗ್ ಸ್ಟ್ರೀಟ್ 10ನೇ ನಂಬರು, ಅದೂ ಮೇಲಿನ ದರ್ಜೆಯದು. ಅದರ ಕಪ್ಪು ಇಟ್ಟಿಗೆಯ ಮುಖ ಜಗತ್ಪ್ರಸಿದ್ಧ. ಅರವತ್ತರ ದಶಕದ ದುರಸ್ತಿಯಲ್ಲಿ ತೊಳೆದು ನೋಡಿದರೆ ಇಟ್ಟಿಗೆ ಹಳದಿ! ಕಪ್ಪು ಬಣ್ಣ ಇನ್ನೂರು ವರ್ಷದ ಮಸಿ. ಜನಕ್ಕೆ ಗುರುತಾದದ್ದು ಕಪ್ಪು ಎಂದು ಮತ್ತೆ ಕಪ್ಪು ಬಣ್ಣವನ್ನೇ ಬಳಿದರು. 1991ರಲ್ಲಿ ಆ ಮನೆಯ ಮೇಲೆ ದಾಳಿ ನಡೆದ ನಂತರ ಆ ಬಾಗಿಲೂ ಮರದ್ದಲ್ಲ, ಬಾಂಬು ತಡೆಯುವ ಉಕ್ಕಿನದು. ಜಾನ್ಸನ್ನನ ಸರಪಳಿಯ ಮೊಮ್ಮಗ ಎನ್ನಿ.

ನಮ್ಮಲ್ಲಿ ಏನಿದೆ? ಪುರಾತನ ಸ್ಮಾರಕಗಳಿಗೆ 1958ರ ಕೇಂದ್ರ ಕಾಯ್ದೆ ಇದೆ, ಕರ್ನಾಟಕದ್ದು 1961ರದು ಇದೆ. ಅವು ದೇವಸ್ಥಾನ, ಕೋಟೆ, ಅರಮನೆಗಳ ಕಡೆಗೆ ನೋಡುವ ಕಾಯ್ದೆಗಳು. ಕುಟುಂಬವೊಂದು ವಾಸವಿರುವ ನೂರು ವರ್ಷದ ಬಸವನಗುಡಿಯ ಮನೆ ಅವುಗಳ ಕೈಗೆ ಸಿಗುವುದಿಲ್ಲ. ಮುಂಬಯಿಯಲ್ಲಿ 1995ರಲ್ಲೇ ಪರಂಪರೆಯ ನಿಯಮಗಳು ಬಂದು, ಖಾಸಗಿ ಕಟ್ಟಡಗಳೂ ದರ್ಜೆವಾರು ಪಟ್ಟಿಗೆ ಸೇರಿದವು. ಮನೆಯ ಮೇಲೆ ಮಹಡಿ ಏರಿಸದೆ ಬಿಟ್ಟುಕೊಟ್ಟವರು ಆ ಹಕ್ಕನ್ನು ಬೇರೆ ಕಡೆ ಮಾರಿಕೊಳ್ಳುವ ದಾರಿಯೂ ಅಲ್ಲಿ ಇದೆ.

ನಮ್ಮ ನಾಡಿನಲ್ಲಿ ಕಟ್ಟಡ ಕೆಡವುವ ಕೈ ತಡೆದ ಒಂದು ಪ್ರಸಂಗ ಮೈಸೂರಿನದು. ಯಾದವಗಿರಿಯಲ್ಲಿ ಲೇಖಕ ಆರ್.ಕೆ. ನಾರಾಯಣ್ ಅವರ ಮನೆ. ಎರಡಂತಸ್ತಿನ ಬಿಳಿಯ ಮನೆ, ಮೂಲೆಯಲ್ಲಿ ಅರ್ಧಚಂದ್ರದಂತೆ ಮುಂದಕ್ಕೆ ಬಂದ ಬರವಣಿಗೆ ಕೋಣೆ, ಅದಕ್ಕೆ 8 ಕಿಟಕಿ. 2011ರಲ್ಲಿ ಅದನ್ನು ಕೆಡವಲು ಶುರುಮಾಡಿದ್ದರು. ಜನ ದನಿಯೆತ್ತಿದರು, ಕೆಲಸ ನಿಂತಿತು. ಸಾರ್ವಜನಿಕ ಹಣದಲ್ಲಿ ಮನೆಯನ್ನು ಕೊಂಡು, ದುರಸ್ತಿ ಮಾಡಿ, 2016ರಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆದರು. ಸಂತೋಷ. ಆದರೆ ಎಲ್ಲ ಮನೆಗಳಲ್ಲೂ ನಾರಾಯಣ್ ಇರಲಿಲ್ಲ. ಎಲ್ಲ ಮನೆಗಳನ್ನೂ ಸರಕಾರ ಕೊಳ್ಳಲು ಆಗುವುದಿಲ್ಲ, ಕೊಳ್ಳಲೂಬಾರದು. ಬೀದಿಯ ತುಂಬ ವಸ್ತುಸಂಗ್ರಹಾಲಯಗಳಿದ್ದರೆ ಸಂಜೆ ದೀಪ ಹಚ್ಚುವವರು ಯಾರು?

ಮತ್ತೊಮ್ಮೆ ಹೇಳಿಬಿಡುತ್ತೇನೆ. ಇಂಗ್ಲೆಂಡಿನಲ್ಲಿ ಸಾಮಾನ್ಯ ಮನೆಗೂ ಅದರ ಅಂಗಳಕ್ಕೂ ಕಾಯ್ದೆಯ ಕಾವಲಿದೆ. ನಮ್ಮಲ್ಲಿ ಅದು ಬಹುಮಟ್ಟಿಗೆ ದೊಡ್ಡ ಹೆಸರಿಗೆ, ದೊಡ್ಡ ಗೋಪುರಕ್ಕೆ. ಉಳಿದ ಮನೆಗಳಲ್ಲಿ ಬಹುಪಾಲಿನ ಗತಿ ಯಜಮಾನರ ಕೈಯಲ್ಲಿ.

ಯಜಮಾನರನ್ನು ಬೈಯುವುದು ಸುಲಭ. ನಾನು ಬೈಯುವುದಿಲ್ಲ. ಅರವತ್ತಕ್ಕೆ ನಲವತ್ತರ ಸೈಟು, ಅಪ್ಪ ಕಟ್ಟಿದ ಮನೆ, ಇಬ್ಬರು ಮಕ್ಕಳು. ಒಬ್ಬರು ಅಮೆರಿಕದಲ್ಲಿ, ಒಬ್ಬರು ಪುಣೆಯಲ್ಲಿ. ಹೆಂಚು ಸೋರುತ್ತದೆ, ತೊಲೆಯ ತುದಿ ಗೋಡೆಯೊಳಗೆ ಕೊಳೆತಿದೆ, ಸುಣ್ಣದ ಗಾರೆಯ ಕೆಲಸ ಬಲ್ಲ ಮೇಸ್ತ್ರಿ ಸಿಗುವುದಿಲ್ಲ. ಸಿಕ್ಕ ಮೇಸ್ತ್ರಿ ಸಿಮೆಂಟು ಮೆತ್ತುತ್ತಾನೆ. ಸುಣ್ಣದ ಗೋಡೆಯ ತೇವ ಹೊರಗೆ ಹೋಗಲಾರದೆ ಒಳಗೇ ಉಳಿದು ಗೋಡೆ ಇನ್ನಷ್ಟು ಉದುರುತ್ತದೆ. ಅಷ್ಟರಲ್ಲಿ ಬಿಲ್ಡರ್ ಬಂದು, ನಿಮಗೆ ಎರಡು ಫ್ಲ್ಯಾಟು, ನನಗೆ ಎರಡು ಎನ್ನುತ್ತಾನೆ. ಪಾಲು ಮಾಡಲು ಮನೆ ಸಾಲದು, ಫ್ಲ್ಯಾಟು ಸಾಲುತ್ತದೆ. ಈ ಲೆಕ್ಕಕ್ಕೆ ಉತ್ತರ ಕೊಡದೆ ಪರಂಪರೆಯ ಉಪದೇಶ ಮಾಡುವುದು ಸರಿಯಲ್ಲ. ಉತ್ತರ ಮುಂಬಯಿಯಂಥ ಹಕ್ಕು ಮಾರಾಟವಾಗಿರಬಹುದು, ಆಸ್ತಿ ತೆರಿಗೆಯಲ್ಲಿ ಗಟ್ಟಿಯಾದ ರಿಯಾಯಿತಿಯಾಗಿರಬಹುದು. ಏನಾದರೂ ಆಗಲಿ, ಉಳಿಸಿಕೊಂಡವರ ಕೈಗೆ ಹಣ ಬರುವಂಥದ್ದಾಗಿರಬೇಕು.

ಹೊಸ ಕಟ್ಟಡ ಎದ್ದಾಗ ಏನಾಗುತ್ತದೆ ನೋಡಿ. ನೆಲ ಅಂತಸ್ತು ಕಂಬಗಳ ನಡುವಿನ ಪಾರ್ಕಿಂಗು. ಗೇಟು ಈಗ ಸೈಟಿನ ಅಗಲಕ್ಕೂ ಉಂಟು, ಕಾರು ತಿರುಗಬೇಕಲ್ಲ. ಗೇಟಿನ ಮುಂದೆ ರಂಗೋಲಿಯ ಜಾಗದಲ್ಲಿ ಇಳಿಜಾರು ರ‍್ಯಾಂಪು. ಬೀದಿಯ ಕಡೆ ಮುಖ ಮಾಡಿ ಕೂರುವ ಒಂದೇ ಒಬ್ಬ ಮನುಷ್ಯ ಸೆಕ್ಯೂರಿಟಿಯವನು, ಅವನ ಪ್ಲಾಸ್ಟಿಕ್ ಕುರ್ಚಿಯೇ ಈಗಿನ ಜಗಲಿ. ಕೆಲವು ಕಟ್ಟಡಗಳು ನಾಲ್ಕನೇ ಮಹಡಿಯ ಬಾಲ್ಕನಿಗೆ ಮಂಕಿ ಟಾಪ್ ಅಂಟಿಸಿಕೊಂಡಿರುತ್ತವೆ. ಅದರ ಹಿಂದೆ ಹವಾನಿಯಂತ್ರಕದ ಡಬ್ಬ. ಇದಕ್ಕಿಂತ ಏನೂ ಇಲ್ಲದ ಬೋಳು ಗೋಡೆಯೇ ಮೇಲು ಎನ್ನುವವನು ನಾನು.

ಕಾಯ್ದೆ ಬರುವಾಗ ಬರಲಿ. ಹಳೆಯ ಮನೆಯಲ್ಲಿ ಇರುವ ಕೇಳುಗರು ಈ ಭಾನುವಾರವೇ ಮಾಡಬಹುದಾದ ಒಂದು ಕೆಲಸ ಹೇಳಿ ಮುಗಿಸುತ್ತೇನೆ. ಒಂದು ಅಳತೆ ಟೇಪು, ಚೌಕಳಿ ಹಾಳೆಯ ನೋಟ್‌ಬುಕ್ಕು, ಟೇಪಿನ ಇನ್ನೊಂದು ತುದಿ ಹಿಡಿಯಲು ಮನೆಯ ಮಕ್ಕಳು. ಮನೆಯನ್ನು ಅಳೆದು ಬರೆಯಿರಿ. ಗೋಡೆಯ ದಪ್ಪ, ಬಾಗಿಲಿನ ಎತ್ತರ, ಜಾಲರಿಯ ಪಟ್ಟಿ ಎಷ್ಟು ಅಗಲ, ಪಟ್ಟಿ ಪಟ್ಟಿಯ ನಡುವೆ ಎಷ್ಟು ಸಂದು. ಹೆಂಚಿನ ಹಿಂಭಾಗದಲ್ಲಿ ಕಾರ್ಖಾನೆಯ ಹೆಸರು ಒತ್ತಿದ್ದರೆ ಅದನ್ನೂ ಬರೆದುಕೊಳ್ಳಿ. ವರಾಂಡದಲ್ಲಿ ಯಾರು ಕೂರುತ್ತಿದ್ದರು, ಯಾರು ಮೆಟ್ಟಿಲ ಕೆಳಗೇ ನಿಲ್ಲುತ್ತಿದ್ದರು ಎಂದು ಮನೆಯ ಹಿರಿಯರನ್ನು ಕೇಳಿ, ಅದನ್ನೂ ಅದೇ ಹಾಳೆಯಲ್ಲಿ ಬರೆಯಿರಿ. ನಾಳೆ ಬಡಗಿ ಬಂದು ಮುರಿದ ಜಾಲರಿ ಕಟ್ಟಬೇಕೆಂದರೆ ಈ ಹಾಳೆ ಸಾಕು. ಪಟ್ಟಿಗೆ ಸೇರಿಸುವ ಅಧಿಕಾರಿ ಬಂದರೂ ಮೊದಲು ಕೇಳುವುದು ಇದನ್ನೇ. ಅಳತೆಯನ್ನು ನಡುಮನೆಯಿಂದ ಶುರು ಮಾಡಬೇಡಿ, ಗೇಟಿನಿಂದ ಶುರು ಮಾಡಿ. ಮಳೆಗಾಲಕ್ಕೆ ಮುಂಚೆ ಆದರೆ ಒಳ್ಳೆಯದು, ಒದ್ದೆ ಮೆಟ್ಟಿಲ ಮೇಲೆ ಟೇಪು ಹಿಡಿಯುವುದು ಕಷ್ಟ.